ಅಡಿಕೆ ತೋಟಕ್ಕೆ ಡ್ರೋನ್: ಮದ್ದಿನ ಹನಿ ಬೀಳುವುದು ಎಲ್ಲಿ?

ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಮಳೆ ಮೂರು ದಿನ ಬಿಡುವು ಕೊಟ್ಟಿತು. ಆ ಬಿಡುವಿನಲ್ಲಿ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಒಳಭಾಗದ ಒಂದು ಅಡಿಕೆ ತೋಟಕ್ಕೆ ಮದ್ದು ಬಿಡಲು ಡ್ರೋನ್ ಬಂತು. ಜೀಪಿನಿಂದ ಇಳಿಸಿದ ಯಂತ್ರದ ಮಡಚಿದ ಆರು ತೋಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೊಟ್ಟೆಯ ಕೆಳಗಿನ ಹತ್ತು ಲೀಟರಿನ ಟ್ಯಾಂಕಿಗೆ, ಕೊಳೆರೋಗಕ್ಕೆಂದು ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿ ತುಂಬಿದರು. ನೆರೆಕರೆಯವರು ಅಂಗಳದಲ್ಲಿ ಸೇರಿದ್ದರು, ಮಕ್ಕಳು ಮೊಬೈಲ್ ಹಿಡಿದು ನಿಂತಿದ್ದರು. ಯಂತ್ರ ಮೇಲೆದ್ದಾಗ ಆದ ಸದ್ದಿಗೆ ಪಕ್ಕದ ಮನೆಯ ಅಕ್ಕ ಕೈಕೆಲಸ ಬಿಟ್ಟು ಬೇಲಿಯ ಬಳಿಗೆ ಬಂದರು. ಅವರಿಗೆ ಅರುವತ್ತು ದಾಟಿದೆ. ಎಲ್ಲರೂ ಮೇಲೆ ನೋಡುತ್ತಿದ್ದಾಗ ಅವರು ನನ್ನ ಮುಖ ನೋಡಿ ಕೇಳಿದರು: “ತಮ್ಮಾ, ಇದು ಬರುತ್ತದೆಂದು ನಿನ್ನೆಯೇ ಒಂದು ಮಾತು ಹೇಳಬಹುದಿತ್ತಲ್ಲ? ಬಾವಿಗೆ ಏನಾದರೂ ಮುಚ್ಚುತ್ತಿದ್ದೆ.”

ನಾನು ಓದಿದ್ದು ವೈಮಾನಿಕ ಎಂಜಿನಿಯರಿಂಗ್. ರೆಕ್ಕೆ, ಗಾಳಿ, ತೂಕ ಇವುಗಳ ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು. ಆದರೆ ಆ ದಿನ ನಮ್ಮಲ್ಲಿ ಯಾರೂ ಕೇಳದೆ ಇದ್ದ ಸರಿಯಾದ ಎಂಜಿನಿಯರಿಂಗ್ ಪ್ರಶ್ನೆಯನ್ನು ಕೇಳಿದವರು ಆ ಅಕ್ಕ. ಡ್ರೋನ್ ಹಾರುತ್ತದೆಯೇ, ಎಷ್ಟು ಎಕರೆ ಮುಗಿಸುತ್ತದೆ, ಸಬ್ಸಿಡಿ ಎಷ್ಟು ಎಂಬುದು ನಮ್ಮ ಮಾತಾಗಿತ್ತು. ಬಿಟ್ಟ ಹನಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಅವರ ಮಾತು. ಈ ಲೇಖನವನ್ನು ಬರೆಯುತ್ತಿರುವುದು ಆ ಮಾತಿಗೆ ಉತ್ತರವಾಗಿ.

ಅವರಿಗೆ ಬಾವಿಯ ನೆನಪು ಯಾಕೆ ಬಂತು ಎನ್ನುವುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ಗೇರು ಚಿಗುರುವಾಗ, ಹೂ ಬಿಡುವಾಗ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಗೇರು ಇದ್ದದ್ದು ಗುಡ್ಡದ ಮೇಲೆ. ಮನೆ, ಬಾವಿ, ನೀರಿನ ಸುರಂಗ, ತೋಡು, ಅಡಿಕೆ ತೋಟ ಎಲ್ಲವೂ ಇದ್ದದ್ದು ಗುಡ್ಡದ ಬುಡದಲ್ಲಿ. ಕಾಲು ತಿರುಚಿದ ಕರುಗಳು ಹುಟ್ಟುತ್ತಿವೆ ಎಂದು ಪಡ್ರೆಯ ಕೃಷಿ ಪತ್ರಕರ್ತ ಶ್ರೀಪಡ್ರೆ ತೀರಾ ಮೊದಲಿಗೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಟಿಪ್ಪಣಿ ಮಾಡಿಟ್ಟರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಸಿಂಪಡಣೆ ನಡೆಯದ ಇನ್ನೊಂದು ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿ, ಗಂಡುಮಕ್ಕಳ ಪ್ರೌಢಾವಸ್ಥೆ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿತು. 2011ರ ಏಪ್ರಿಲ್‌ನಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಕೈಬಿಡಲು ತೀರ್ಮಾನಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು.

ಯಾವ ಕಾಯಿಲೆಯಲ್ಲಿ ಮದ್ದಿನ ಪಾಲು ಎಷ್ಟು ಎಂಬುದು ವೈದ್ಯರ ಕ್ಷೇತ್ರ. ನನ್ನ ಕ್ಷೇತ್ರಕ್ಕೆ ಸೇರಿದ ಪ್ರಶ್ನೆ ಬೇರೆ: ಗುಡ್ಡದ ಮೇಲೆ ಬಿಟ್ಟ ಹನಿ ಬುಡದ ಮನೆಗೆ ಹೇಗೆ ಬರುತ್ತದೆ? ಹೆಲಿಕಾಪ್ಟರಿಗೂ ಡ್ರೋನಿಗೂ ಗಾತ್ರದಲ್ಲಿ ಆನೆ ಆಡಿನ ವ್ಯತ್ಯಾಸ. ಆದರೆ ನಳಿಕೆಯ ಬಾಯಿ ಬಿಟ್ಟ ಮೇಲೆ ಹನಿಗೆ ತನ್ನನ್ನು ಬಿಟ್ಟ ಯಂತ್ರ ಯಾವುದೆಂದು ಗೊತ್ತಿಲ್ಲ. ಅದು ಕೇಳುವುದು ಗಾಳಿಯ ಮಾತನ್ನು ಮತ್ತು ಭೂಮಿಯ ಸೆಳೆತವನ್ನು ಮಾತ್ರ.

ಹನಿಯ ಗಾತ್ರವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ 70ರ ಆಸುಪಾಸು. 400 ಮೈಕ್ರಾನಿನ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ವೇಗದಲ್ಲಿ ಇಳಿಯುತ್ತದೆ. 200 ಮೈಕ್ರಾನಿನದು ಸುಮಾರು 70 ಸೆಂಟಿಮೀಟರ್. 100 ಮೈಕ್ರಾನಿನದು 25 ಸೆಂಟಿಮೀಟರ್ ಮಾತ್ರ. 50 ಮೈಕ್ರಾನಿಗೆ ಬಂದರೆ 7 ಸೆಂಟಿಮೀಟರ್. ಅದನ್ನು ಬೀಳುವುದು ಎನ್ನುವುದಕ್ಕಿಂತ ತೇಲುವುದು ಎನ್ನಬೇಕು. ಈಗ ಸೆಕೆಂಡಿಗೆ 2 ಮೀಟರ್ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಇದು ಸೋಗೆಯ ತುದಿಯನ್ನಷ್ಟೇ ಅಲ್ಲಾಡಿಸುವ ಗಾಳಿ, ಯಾರೂ ಇದನ್ನು ಗಾಳಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. 3 ಮೀಟರ್ ಎತ್ತರದಿಂದ ಬಿಟ್ಟರೆ 400 ಮೈಕ್ರಾನಿನ ಹನಿ 4 ಮೀಟರ್ ಆಚೆ ಬೀಳುತ್ತದೆ. 100 ಮೈಕ್ರಾನಿನ ಹನಿ 24 ಮೀಟರ್ ಆಚೆ. 50 ಮೈಕ್ರಾನಿನದು 80 ಮೀಟರ್ ದಾಟುತ್ತದೆ.

ಹಾಗಾದರೆ ದಪ್ಪ ಹನಿಯನ್ನೇ ಬಿಡಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಇಕ್ಕಟ್ಟು ಇರುವುದೇ ಅಲ್ಲಿ. ಹನಿಯ ವ್ಯಾಸವನ್ನು ಅರ್ಧ ಮಾಡಿದರೆ ಒಂದು ಹನಿಯಿಂದ ಎಂಟು ಹನಿ ಹುಟ್ಟುತ್ತವೆ. ಮತ್ತೊಮ್ಮೆ ಅರ್ಧ ಮಾಡಿದರೆ ಅರುವತ್ತನಾಲ್ಕು. ಹತ್ತೇ ಲೀಟರಿನಲ್ಲಿ ಒಂದು ಎಕರೆಯನ್ನು ತೋಯಿಸಬೇಕೆಂದರೆ ಹನಿಯನ್ನು ಸಣ್ಣದು ಮಾಡದೆ ಬೇರೆ ದಾರಿಯಿಲ್ಲ. ನೀರು ಕಡಿಮೆಯಾದಷ್ಟೂ ಹನಿ ಸಣ್ಣದಾಗಬೇಕು, ಹನಿ ಸಣ್ಣದಾದಷ್ಟೂ ದೂರ ಹೋಗುತ್ತದೆ. ಇನ್ನೂ ಒಂದು ಸಂಗತಿ ಇದರ ಬೆನ್ನಿಗೆ ಬರುತ್ತದೆ. ಬೆನ್ನಿನ ಪಂಪಿನಲ್ಲಿ 200 ಲೀಟರ್ ನೀರಿಗೆ ಬೆರೆಸಿ ಬಿಡುತ್ತಿದ್ದ ಮದ್ದನ್ನು ಡ್ರೋನಿನಲ್ಲಿ 10 ಲೀಟರಿಗೆ ಬೆರೆಸಿದರೆ ಪ್ರತಿ ಹನಿಯೂ ಇಪ್ಪತ್ತು ಪಟ್ಟು ಗಾಢವಾಗಿರುತ್ತದೆ. ಬೇಲಿ ದಾಟಿದ ಒಂದು ಹನಿ ಹಿಂದಿನ ಇಪ್ಪತ್ತು ಹನಿಗೆ ಸಮ.

ಎತ್ತರದ ಲೆಕ್ಕವೂ ನಮ್ಮಲ್ಲಿ ಬೇರೆಯೇ. ಬೆಳೆಯ ತುದಿಯಿಂದ ಇಷ್ಟು ಮೀಟರ್ ಮೇಲೆ ಎಂದು ಡ್ರೋನಿನ ಎತ್ತರವನ್ನು ಹೇಳುತ್ತಾರೆ. ಗದ್ದೆಯಲ್ಲಿ ಬೆಳೆಯ ಮೇಲೆ 3 ಮೀಟರ್ ಎಂದರೆ ನೆಲದಿಂದಲೂ ಹೆಚ್ಚುಕಡಿಮೆ ಅಷ್ಟೇ. ಐವತ್ತು ಅಡಿಯ ಅಡಿಕೆ ಮರದ ತಲೆಯ ಮೇಲೆ 3 ಮೀಟರ್ ಎಂದರೆ ನೆಲದಿಂದ 18 ಮೀಟರ್. ತೋಟದ ಮಧ್ಯೆ ಇದರಿಂದ ದೊಡ್ಡ ತೊಂದರೆಯಿಲ್ಲ, ತಪ್ಪಿದ ಹನಿಯನ್ನು ಪಕ್ಕದ ಮರ ಹಿಡಿಯುತ್ತದೆ. ಗಡಿಯ ಸಾಲಿನಲ್ಲಿ ಹಿಡಿಯುವವರಿಲ್ಲ. ಅಲ್ಲಿ ತಪ್ಪಿದ 100 ಮೈಕ್ರಾನಿನ ಹನಿಗೆ ನೆಲ ಮುಟ್ಟಲು ಒಂದು ನಿಮಿಷಕ್ಕೂ ಹೆಚ್ಚು ಸಮಯವಿದೆ, ಆ ಹೊತ್ತಿಗೆ ಅದು 140 ಮೀಟರ್ ಸಾಗಬಲ್ಲುದು. ಗುಡ್ಡದ ಮೇಲಿನ ಗೇರು ಮರದ ಮೇಲಿಂದ ಹೆಲಿಕಾಪ್ಟರ್ ಬಿಟ್ಟ ಹನಿ ಬುಡದ ಅಂಗಳಕ್ಕೆ ಬಂದ ಬಗೆಯೂ ಇದೇ.

ಇನ್ನು ಹೊತ್ತಿನ ವಿಚಾರ. ಮುಂಜಾನೆ ಗಾಳಿ ಇರುವುದಿಲ್ಲ, ಆಗ ಮದ್ದು ಬಿಟ್ಟರೆ ಸುರಕ್ಷಿತ ಎನ್ನುವ ಮಾತು ನಮ್ಮಲ್ಲಿ ಎಲ್ಲ ಕಡೆ ಇದೆ. ಅರ್ಧ ಮಾತ್ರ ಸರಿ. ಚಳಿಗಾಲದ ರಾತ್ರಿ ಗುಡ್ಡದ ಮೈ ತಣ್ಣಗಾಗಿ, ತಣ್ಣನೆಯ ಭಾರದ ಗಾಳಿ ಜಾರಿ ಬಂದು ಕಣಿವೆಯಲ್ಲಿ ತುಂಬಿಕೊಳ್ಳುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬಿಸಿಲೇರುವ ತನಕ ತೋಟದ ನಡುವೆ ಅಡ್ಡಲಾಗಿ ನಿಂತ ಮಂಜು, ಮೇಲೇರದೆ ಹಂಚಿನ ಮಟ್ಟದಲ್ಲೇ ಹರಡುವ ಬಚ್ಚಲೊಲೆಯ ಹೊಗೆ ಇದರ ಗುರುತು. ಆ ಹೊತ್ತಿಗೆ ಬಿಟ್ಟ ಸಣ್ಣ ಹನಿ ಮೇಲೂ ಹೋಗದೆ ಕೆಳಗೂ ಬೀಳದೆ ಹೊಗೆಯಂತೆಯೇ ನಿಂತು, ತೋಡಿನ ಜಾಡು ಹಿಡಿದು ಕೆಳಗಿನ ಮನೆಗಳತ್ತ ಮೆಲ್ಲಗೆ ಜಾರುತ್ತದೆ. ಟೀ ಸೊಳ್ಳೆಯ ಕಾಟ ಗೇರು ಹೂ ಬಿಡುವ ಚಳಿಗಾಲದ್ದು ಎನ್ನುವುದನ್ನು ಇಲ್ಲಿ ನೆನಪಿಸಿಕೊಳ್ಳಿ. ಸೂರ್ಯ ಮೇಲೇರಿ, ಹೊಗೆ ನೆಟ್ಟಗೆ ಮೇಲೆ ಹೋಗತೊಡಗಿ, ಒಂದೇ ದಿಕ್ಕಿನಿಂದ ಮೆಲ್ಲನೆ ಗಾಳಿ ಬೀಸುವ ಹೊತ್ತು ನಿಶ್ಚಲ ಮುಂಜಾನೆಗಿಂತ ಎಷ್ಟೋ ಮೇಲು. ಹನಿ ಯಾವ ಕಡೆಗೆ ಹೋಗುತ್ತದೆಂದು ಆಗ ಕನಿಷ್ಠ ಗೊತ್ತಿರುತ್ತದೆ.

ಡ್ರೋನಿನ ಪರವಾಗಿ ಹೇಳುವವರ ಬಳಿ ಒಂದು ಒಳ್ಳೆಯ ವಾದವಿದೆ, ಅದನ್ನು ಪ್ರಾಮಾಣಿಕವಾಗಿ ನೋಡಬೇಕು. ಡ್ರೋನ್ ಮೇಲೆ ನಿಲ್ಲುವುದೇ ಗಾಳಿಯನ್ನು ಕೆಳಗೆ ತಳ್ಳಿ. ಆ ಗಾಳಿಯೇ ಹನಿಯನ್ನು ಬೆಳೆಯೊಳಗೆ ನುಗ್ಗಿಸುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿದರೆ ಇದು ನಿಜ. ತುಂಬಿದ ಟ್ಯಾಂಕಿನೊಂದಿಗೆ 25 ಕಿಲೋ ತೂಗುವ, ಮೂವತ್ತು ಇಂಚಿನ ಆರು ಪ್ರೊಪೆಲ್ಲರ್‌ಗಳಿರುವ ಯಂತ್ರ ನಿಂತಲ್ಲೇ ನಿಂತಾಗ ಗಾಳಿಯನ್ನು ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಕೆಳಗೆ ತಳ್ಳುತ್ತದೆ. 100 ಮೈಕ್ರಾನಿನ ಹನಿ ತಾನಾಗಿ ಇಳಿಯುವ ವೇಗಕ್ಕಿಂತ ಇದು ಇಪ್ಪತ್ತು ಪಟ್ಟಿಗೂ ಹೆಚ್ಚು. ಆದರೆ ಟ್ಯಾಂಕ್ ಬರಿದಾಗಿ ತೂಕ 15 ಕಿಲೋಗೆ ಇಳಿದಾಗ ಆ ವೇಗವೂ 5 ಮೀಟರಿಗಿಂತ ಕೆಳಗೆ ಬರುತ್ತದೆ. ಮೊದಲ ಮರಕ್ಕೆ ಸಿಕ್ಕ ಒತ್ತಡ ಕೊನೆಯ ಮರಕ್ಕೆ ಸಿಗುವುದಿಲ್ಲ. ಕೆಲಸ ಬೇಗ ಮುಗಿಯಲೆಂದು ವೇಗವಾಗಿ ಓಡಿಸಿದರೆ ಕೆಳಗೆ ಹೋಗಬೇಕಾದ ಗಾಳಿ ಯಂತ್ರದ ಬೆನ್ನ ಹಿಂದಕ್ಕೆ ಬಾಗುತ್ತದೆ, ಪ್ರೊಪೆಲ್ಲರ್‌ಗಳ ತುದಿಯಲ್ಲಿ ಹುಟ್ಟುವ ಸುಳಿ ಸಣ್ಣ ಹನಿಗಳನ್ನು ಮೇಲಕ್ಕೇ ಎತ್ತುತ್ತದೆ. ನಿಧಾನವಾಗಿ ಹಾರಿಸಿದರೆ ಮದ್ದು ಒಳಗೆ ಹೋಗುತ್ತದೆ, ಬೇಗ ಹಾರಿಸಿದರೆ ದುಡ್ಡು ಹುಟ್ಟುತ್ತದೆ.

ಇಷ್ಟಾದರೂ ಅಡಿಕೆಯ ತೊಡಕು ಮುಗಿಯಲಿಲ್ಲ. ಅಡಿಕೆ ಮರದ ಗೊನೆ ಇರುವುದು ಸೋಗೆಯ ಕೊಡೆಯ ಕೆಳಗೆ, ಹಾಳೆ ಕಳಚಿದ ಜಾಗದಲ್ಲಿ. ಕೊಳೆರೋಗ ತಗಲುವುದು ಆ ಗೊನೆಯ ಎಳೆಕಾಯಿಗಳಿಗೆ. ನಮ್ಮ ಕಡೆ ಮಹಾಳಿ ಎಂದೂ ಕರೆಯುವ ಈ ರೋಗವನ್ನು ತರುವ ಫೈಟೋಫ್ತೊರಾ ಎಂಬ ಜೀವಿ ಮಳೆಯ ನೀರಿನಲ್ಲಿ ಹರಡುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಬಿಡುವ ಪದ್ಧತಿಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಳೆಯ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಪ್ರಯೋಗ ಮಾಡಿ ತೋರಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಹೊಳೆಯುವ ಚೂರಿಯನ್ನು ಅದ್ದಿ ನೋಡುತ್ತಾರೆ; ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಹದ ಬಂದ ದ್ರಾವಣ ತಿಳಿ ನೀರಲ್ಲ, ಬಾನಿನ ಬಣ್ಣದ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುವ ಕದಡು. ಇದು ಗಿಡದೊಳಗೆ ಇಳಿಯುವ ಮದ್ದಲ್ಲ, ಕಾಯಿಯ ಮೈಗೆ ಬಣ್ಣ ಬಳಿದಂತೆ ಅಂಟಬೇಕು. ಅಂಟದ ಜಾಗಕ್ಕೆ ರಕ್ಷಣೆಯಿಲ್ಲ. ಕಾಲಿಗೆ ತಳೆ ಹಾಕಿ ಹತ್ತಿದವರು ಗೊನೆಯ ಸುತ್ತ ನಳಿಕೆ ತಿರುಗಿಸುವುದು ಈ ಕಾರಣಕ್ಕೆ.

ಈಗ ಲೆಕ್ಕ ನೋಡಿ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಮರಕ್ಕೆ ಅರ್ಧ ಲೀಟರ್ ಎಂದು ಹಿಡಿದರೂ 275 ಲೀಟರ್ ಬೇಕು. ಹತ್ತು ಲೀಟರಿನ ಟ್ಯಾಂಕಿನಲ್ಲಿ ಇದು 28 ಹಾರಾಟ. ಒಂದು ಹಾರಾಟಕ್ಕೆ ಹತ್ತು ನಿಮಿಷ, ನಡುವೆ ಇಳಿಸಿ ಬ್ಯಾಟರಿ ಬದಲಿಸಿ ಮದ್ದು ತುಂಬಲು ಎರಡು ಮೂರು ನಿಮಿಷ. ಒಂದು ಎಕರೆಗೆ ಒಂದು ಹಗಲು ಮುಗಿಯಿತು. ದೊಡ್ಡ ಟ್ಯಾಂಕ್ ಕಟ್ಟಿದರೆ ಆಗದೇ ಎಂದರೆ, ಅದೇ ಪ್ರೊಪೆಲ್ಲರ್‌ಗಳಲ್ಲಿ ತೂಕವನ್ನು ಎರಡು ಪಟ್ಟು ಮಾಡಿದಾಗ ಬೇಕಾಗುವ ಶಕ್ತಿ 2.8 ಪಟ್ಟಾಗುತ್ತದೆ. ಭಾರವನ್ನು ಬಾಡಿಗೆ ಇಲ್ಲದೆ ಎತ್ತಿ ನಿಲ್ಲಿಸಲು ಗಾಳಿ ಒಪ್ಪುವುದಿಲ್ಲ.

ಯಂತ್ರದ ಬೆಲೆ ಎಲ್ಲ ಸೇರಿ ಹತ್ತು ಲಕ್ಷ, ಬಾಳಿಕೆ ಐದು ವರ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಎರಡು ಲಕ್ಷ. ಕೊಳೆರೋಗದ ಕಾಲದಲ್ಲಿ ಮಳೆ ಬಿಟ್ಟ ದಿನಗಳು ನಲವತ್ತು ಸಿಕ್ಕರೆ ಪುಣ್ಯ. ದಿನಕ್ಕೆ ಒಂದು ಎಕರೆಯಂತೆ ಬೋರ್ಡೋ ಬಿಟ್ಟರೆ ಯಂತ್ರದ ಪಾಲು ಮಾತ್ರವೇ ಎಕರೆಗೆ 5,000 ರೂಪಾಯಿ. ಇದಕ್ಕೆ ಪೈಲಟ್, ಸಹಾಯಕ, ಜೀಪು, ಕೆಲವು ನೂರು ಸಲ ಚಾರ್ಜ್ ಮಾಡಿದೊಡನೆ ಸೋಲುವ ಬ್ಯಾಟರಿ ಸೇರಬೇಕು. ಅದೇ ಯಂತ್ರದಲ್ಲಿ ಎಕರೆಗೆ ಹತ್ತೇ ಲೀಟರ್ ಗಾಢ ಮದ್ದು ಬಿಟ್ಟು ದಿನಕ್ಕೆ ಹತ್ತು ಎಕರೆ ಮುಗಿಸಿದರೆ ಆ 5,000 ಇದ್ದದ್ದು 500 ಆಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಹತ್ತು ಪಟ್ಟಿನ ಅಂತರ. ನಾವು ಯಂತ್ರವನ್ನು ಆರಿಸುತ್ತೇವೆ, ಆಮೇಲೆ ಯಂತ್ರ ಮದ್ದನ್ನು ಆರಿಸುತ್ತದೆ. ಕದಡಾಗಿರುವ, ನಳಿಕೆ ಕಟ್ಟುವ, ನೂರಾರು ಲೀಟರ್ ಬೇಡುವ ಬೋರ್ಡೋ ಡ್ರೋನಿಗೆ ಹೊಂದುವುದಿಲ್ಲ. ತಿಳಿಯಾಗಿ ಕರಗುವ, ಗಿಡದೊಳಗೆ ಇಳಿಯುವ, ಕೆಲವೇ ಲೀಟರಿನಲ್ಲಿ ಮುಗಿಯುವ ರಾಸಾಯನಿಕ ಹೊಂದುತ್ತದೆ. ಡ್ರೋನ್ ಕೊಂಡವರು ಸಾಲ ತೀರಿಸಬೇಕು, ಹಾಗಾಗಿ ಎರಡೇ ಮಳೆಗಾಲದಲ್ಲಿ ಬೋರ್ಡೋ ಬದಿಗೆ ಸರಿದು ಬೇರೇನೋ ಟ್ಯಾಂಕಿಗೆ ಬಂದಿರುತ್ತದೆ. ಎಲೆಚುಕ್ಕಿ ರೋಗದ ಭಯ ಈಗಾಗಲೇ ಬೆಳೆಗಾರರನ್ನು ಆ ಕಡೆಗೆ ನೂಕುತ್ತಿದೆ. ಎಲೆಚುಕ್ಕಿ ಸೋಗೆಗೆ ಬರುವ ರೋಗವಾದ್ದರಿಂದ ಮೇಲಿನಿಂದ ಬಿಟ್ಟ ಮದ್ದು ಸರಿಯಾದ ಜಾಗಕ್ಕೇ ಬೀಳುತ್ತದೆ, ಆ ಕೆಲಸಕ್ಕೆ ಡ್ರೋನ್ ನಿಜಕ್ಕೂ ಒಗ್ಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಹೇಳುತ್ತಿದ್ದೇನೆ. ತಾಮ್ರವೂ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ, ತೋಡಿನ ಮೀನಿಗೆ ಒಳ್ಳೆಯದಲ್ಲ. ಆದರೆ ಅದರೊಂದಿಗೆ ನಮಗೆ ನೂರು ವರ್ಷದ ಒಡನಾಟವಿದೆ. ಬರಲಿರುವುದರ ಜೊತೆ ಇಲ್ಲ.

ಕಾನೂನು ಏನು ಹೇಳುತ್ತದೆ? 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ಯಂತ್ರವನ್ನು ತೂಕದ ಮೇಲೆ ವಿಂಗಡಿಸುತ್ತವೆ. ಎರಡು ಕಿಲೋ ದಾಟಿ 25 ಕಿಲೋವರೆಗಿನದು ಸಣ್ಣ ಡ್ರೋನ್. ಮದ್ದು ಬಿಡುವ ಯಂತ್ರಗಳು ಹೆಚ್ಚಾಗಿ ಈ ಗೆರೆಯ ಒಳಗೇ ಇರುವಂತೆ ತಯಾರಾಗುತ್ತವೆ. ಹಾರಾಟಕ್ಕೆ ಮುಕ್ತವೆಂದು ಗುರುತಿಸಿದ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಲು ಮುಂಚಿತ ಅನುಮತಿ ಬೇಡ. ಪೈಲಟ್‌ಗೆ ಹದಿನೆಂಟು ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಕಡೆ ತರಬೇತಿಯಾಗಿರಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಕೃಷಿ ಸಚಿವಾಲಯ ಸಿಂಪಡಣೆಯ ಕಾರ್ಯವಿಧಾನವನ್ನು ಪ್ರಕಟಿಸಿತು. ಮೊದಲು ಒಂದೊಂದು ಮದ್ದಿಗೂ ಡ್ರೋನಿನಲ್ಲಿ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಕಿತ್ತು. 2022ರ ಏಪ್ರಿಲ್‌ನಲ್ಲಿ 477 ಕೀಟನಾಶಕ, ಶಿಲೀಂಧ್ರನಾಶಕ ಮತ್ತಿತರ ಮದ್ದುಗಳಿಗೆ ಎರಡು ವರ್ಷದ ಮಟ್ಟಿಗೆ ಒಮ್ಮೆಗೇ ತಾತ್ಕಾಲಿಕ ಒಪ್ಪಿಗೆ ಕೊಡಲಾಯಿತು. ಹೆಚ್ಚು ನೀರಿನಲ್ಲಿ ಬಳಸುವುದಕ್ಕೆಂದು ಪರೀಕ್ಷೆಯಾಗಿದ್ದ ಮದ್ದುಗಳು ಇವು. 2023ರ ನವೆಂಬರಿನಲ್ಲಿ ನಮೋ ಡ್ರೋನ್ ದೀದಿ ಯೋಜನೆಗೆ 1,261 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿತು, 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಲೆಯ ಶೇಕಡಾ 80ರಷ್ಟು, ಗರಿಷ್ಠ 8 ಲಕ್ಷದವರೆಗೆ ಸಹಾಯಧನ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ತಂತ್ರಜ್ಞಾನ ಬರುವುದು ನನಗೆ ಸಂತೋಷದ ಸಂಗತಿ. ಗಾಢ ಮದ್ದಿನ ಡಬ್ಬಿ ತೆರೆದು ದಿನಕ್ಕೆ ಹತ್ತಾರು ಸಲ ಬೆರೆಸುವವರೂ ಅವರೇ ಆಗುತ್ತಾರೆ. ಕೈಗವಸು, ಮುಖಕವಚ, ತೊಳೆಯುವ ನೀರು ಆ ಲೆಕ್ಕದಲ್ಲಿ ಇರಬೇಕು.

ಇವೆಲ್ಲಕ್ಕಿಂತ ಹಳೆಯದೊಂದು ನಿಯಮ ಇದೆ. 1971ರ ಕೀಟನಾಶಕ ನಿಯಮಗಳಲ್ಲಿ ಆಕಾಶದಿಂದ ಸಿಂಪಡಿಸುವವರಿಗೆಂದೇ ಕೆಲವು ಸಾಲುಗಳಿವೆ. ಒಪ್ಪಿಗೆಯಾದ ಮದ್ದನ್ನು, ಒಪ್ಪಿಗೆಯಾದ ಗಾಢತೆಯಲ್ಲಿ, ಒಪ್ಪಿಗೆಯಾದ ಎತ್ತರದಿಂದಲೇ ಬಿಡಬೇಕು. ಸಂಬಂಧಪಡದ ಜನ, ಜಾನುವಾರು ಅಲ್ಲಿಗೆ ಬಾರದಂತೆ ನೋಡಿಕೊಳ್ಳಬೇಕು. ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು. ನಿನ್ನೆಯೇ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಅಕ್ಕ ಕೇಳಿದ್ದು ಔದಾರ್ಯವನ್ನಲ್ಲ. ಹೆಲಿಕಾಪ್ಟರ್ ಬರುವುದಕ್ಕೂ ಮೊದಲೇ ಕಾನೂನಿನಲ್ಲಿ ಬರೆದಿಟ್ಟಿದ್ದ ಹಕ್ಕನ್ನು ಅವರು ಕೇಳಿದ್ದರು.

ಆ ತಿಳಿವಳಿಕೆ ಯಾವ ಭಾಷೆಯಲ್ಲಿ ಇರಬೇಕು ಎಂಬುದೂ ಇಲ್ಲಿ ಸಣ್ಣ ವಿಷಯವಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳಹಳ್ಳಿಗಳಲ್ಲಿ ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಮಾತಾಡಿ, ಓದುವುದಕ್ಕೆ ಕನ್ನಡವನ್ನೇ ನೆಚ್ಚಿಕೊಂಡ ಹಿರಿಯರು ಮನೆಮನೆಯಲ್ಲಿದ್ದಾರೆ. ಮಲಯಾಳದಲ್ಲಿ ಮಾತ್ರ ಅಂಟಿಸಿದ ಸೂಚನೆಯೂ, ಡಬ್ಬಿಯ ಮೇಲಿನ ಇಂಗ್ಲಿಷ್ ಅಕ್ಷರವೂ ಅವರ ಪಾಲಿಗೆ ಹೇಳದೆ ಇದ್ದದ್ದಕ್ಕೆ ಸಮ. ಯಾವ ಮದ್ದು, ಯಾವ ದಿನ, ಎಷ್ಟು ಹೊತ್ತಿಗೆ, ಬಾವಿ ಎಷ್ಟು ಹೊತ್ತು ಮುಚ್ಚಿರಬೇಕು, ದನಕ್ಕೆ ಆ ಬದಿಯ ಹುಲ್ಲು ಯಾವಾಗಿನಿಂದ ಹಾಕಬಹುದು ಎಂಬ ಐದು ಸಾಲು ಕನ್ನಡ, ಮಲಯಾಳ ಎರಡೂ ಭಾಷೆಯಲ್ಲಿ ಇರಲೇಬೇಕು.

ಹತ್ತುವವರು ಸಿಗುವುದಿಲ್ಲ ಎನ್ನುವುದು ಡ್ರೋನ್ ಬರಲು ನಿಜವಾದ ಕಾರಣ, ಅದನ್ನು ಯಾರೂ ಹಗುರ ಮಾಡಬಾರದು. ಪಾಚಿ ಹಿಡಿದ ಒದ್ದೆ ಮರವನ್ನು ಹತ್ತಿ, ಮೈಮೇಲೆಲ್ಲ ನೀಲಿ ದ್ರಾವಣ ಸುರಿಸಿಕೊಂಡು, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೆಲಸಕ್ಕೆ ಮಕ್ಕಳನ್ನು ಕಳಿಸಲು ಯಾವ ತಂದೆತಾಯಿಗೂ ಮನಸ್ಸಿಲ್ಲ. ಬಿದ್ದು ಸೊಂಟ ಮುರಿದುಕೊಂಡವರನ್ನು ನಾವೆಲ್ಲರೂ ಕಂಡಿದ್ದೇವೆ. ನನ್ನ ಕ್ಷೇತ್ರ ಈ ಕಷ್ಟಕ್ಕೆ ಕೊಟ್ಟ ಒಳ್ಳೆಯ ಉತ್ತರ ಡ್ರೋನ್‌ಗಿಂತ ಮೊದಲೇ ತೋಟಕ್ಕೆ ಬಂದಿದೆ: ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಯಲ್ಲಿ ನಳಿಕೆಯಿರುವ ಹಗುರವಾದ ಉದ್ದ ಕೋಲು. ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡಾ 45 ಈ ಬಗೆಯ ನಾರು ಮತ್ತು ಅಂಟಿನ ವಸ್ತುಗಳೇ. ಕೋಲಿನ ಉದ್ದ ಎರಡು ಪಟ್ಟಾದರೆ ತುದಿಯಲ್ಲಿ ಅದೇ ಭಾರವಿದ್ದರೂ ಬಾಗುವುದು ಎಂಟು ಪಟ್ಟು. ಅದಕ್ಕೇ ಬಿದಿರು, ಅಲ್ಯೂಮಿನಿಯಂ ಎರಡೂ ಅರುವತ್ತು ಅಡಿಗೆ ಹೋದಾಗ ಕೈಗೆ ಒಲಿಯುವುದಿಲ್ಲ. ಕಾರ್ಬನ್ ಫೈಬರಿನ ಸಾಂದ್ರತೆ ಅಲ್ಯೂಮಿನಿಯಮ್ಮಿನ ಅರುವತ್ತು ಶೇಕಡದಷ್ಟು, ಬಿಗುವು ಅದಕ್ಕಿಂತ ಹೆಚ್ಚು. ನೆಲದಲ್ಲಿ ನಿಂತವರು ನಳಿಕೆಯನ್ನು ಗೊನೆಯ ಬುಡಕ್ಕೇ ಒಯ್ಯುತ್ತಾರೆ, ದಪ್ಪ ಹನಿ ಒಂದಡಿ ದೂರದಿಂದ ಕಾಯಿಯ ಮೈಗೆ ಬಡಿಯುತ್ತದೆ. ಗಾಳಿಗೆ ಅದನ್ನು ಕದಿಯಲು ಸಮಯವೇ ಇಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ: ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಯ ಹತ್ತಿರ, ಅದರಲ್ಲೂ ಮೈ ಒದ್ದೆಯಿರುವಾಗ, ಅದನ್ನು ಎತ್ತಲೇಬಾರದು.

ದೋಟಿಯ ಕೆಲಸಕ್ಕೆ ತೋಳು ನೋಯುತ್ತದೆ, ಕತ್ತು ಹಿಡಿಯುತ್ತದೆ, ವೇಗ ಸಾಲದು. ಹಾಗಾಗಿ ನಾನು ಡ್ರೋನನ್ನು ಊರಿನಿಂದ ಹೊರಗಿಡಿ ಎನ್ನುವವನಲ್ಲ. ತೋಟದ ನಡುವೆ ಡ್ರೋನ್, ಗಡಿಯಲ್ಲಿ ದೋಟಿ ಎನ್ನುವವನು. ಗಡಿ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಪ್ರತಿ ತೋಟದಲ್ಲೂ ಅಳೆದೇ ನೋಡಬೇಕು, ಅದಕ್ಕೆ ದುಬಾರಿ ಉಪಕರಣ ಬೇಡ. ಬೋರ್ಡೋ ಒಣಗಿದಾಗ ನೀಲಿ ಕಲೆ ಬಿಡುತ್ತದೆ, ಬಿಳಿ ಕಾಗದದ ಮೇಲೆ ಅದು ಎದ್ದು ಕಾಣುತ್ತದೆ.

ಆ ದಿನ ಅಕ್ಕನ ಮಾತು ಕೇಳಿದ ಮೇಲೆ ಎರಡನೆಯ ಹಾರಾಟವನ್ನು ಅರ್ಧ ಗಂಟೆ ನಿಲ್ಲಿಸಲು ಹೇಳಿದೆವು. ತೋಟದವರ ಮನೆಯಲ್ಲಿದ್ದ ಹಳೆಯ ಮದುವೆ ಕಾಗದಗಳನ್ನು ತಂದು, ಬರಹವಿಲ್ಲದ ಬಿಳಿ ಬೆನ್ನು ಹೊರಗೆ ಬರುವಂತೆ ಅಲ್ಲಲ್ಲಿ ಇಟ್ಟೆವು. ಕೆಲವನ್ನು ಹತ್ತುವವರು ಸೋಗೆಯ ಮೇಲೂ ಗೊನೆಯ ಒಳಬದಿಗೂ ಸಿಕ್ಕಿಸಿದರು. ಕೆಲವು ಗಡಿಯ ಕಟ್ಟಪುಣಿಯ (ಬದುವಿನ) ಮೇಲೆ, ಒಂದು ಅಕ್ಕನ ಬಾವಿಕಟ್ಟೆಯ ಮೇಲೆ, ಹಾರಿಹೋಗದಂತೆ ತೆಂಗಿನ ಗೆರಟೆಯನ್ನು ಮಗುಚಿಟ್ಟು. ಬಾವಿಗೆ ಸೋಗೆ ಹಾಸಿ ಮುಚ್ಚಿದ್ದೂ ಆಯಿತು. ಸಂಜೆ ಒಟ್ಟುಮಾಡಿ ಜಗಲಿಯಲ್ಲಿ ಸಾಲಾಗಿ ಇಟ್ಟು ನೋಡಿದೆವು. ಸೋಗೆಯ ಮೇಲಿನವು ನೀಲಿಯಾಗಿ ತೊಯ್ದಿದ್ದವು. ಗೊನೆಯ ಒಳಬದಿಯವು ಹೆಚ್ಚುಕಡಿಮೆ ಬೆಳ್ಳಗೇ ಇದ್ದವು. ಕಟ್ಟಪುಣಿಯ ಮೇಲಿನವಕ್ಕೆ ರಾಗಿ ಚೆಲ್ಲಿದಂತೆ ಚುಕ್ಕೆ. ಬಾವಿಕಟ್ಟೆಯ ಕಾಗದವನ್ನು ಅಕ್ಕ ತಾವೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೂಜಿಮೊನೆಯಷ್ಟು ಸಣ್ಣ ಏಳು ನೀಲಿ ಚುಕ್ಕೆಗಳಿದ್ದವು.

ತೋಟದವರು ಮೊದಲು ಗಡಿಯ ನಾಲ್ಕು ಸಾಲು ಬಿಟ್ಟರೆ ಸಾಲದೇ ಎಂದಿದ್ದರು. 24 ಮೀಟರ್ ಎಂದರೆ ಒಂಬತ್ತು ಸಾಲು ಬರುತ್ತದೆ ಎಂದು ನಾನು ಲೆಕ್ಕ ತೋರಿಸಿದಾಗ ಅದು ಜಾಸ್ತಿಯಾಯಿತು ಎಂಬ ಮಾತು ಬಂದಿತ್ತು. ಚುಕ್ಕೆ ನೋಡಿದ ಮೇಲೆ ಚರ್ಚೆ ಬೆಳೆಯಲಿಲ್ಲ. ಈ ವರ್ಷ ಅಕ್ಕನ ಬದಿಯ ಒಂಬತ್ತು ಸಾಲಿಗೆ ದೋಟಿಯಲ್ಲೇ ಮದ್ದು. ಡ್ರೋನ್ ಬರುವ ದಿನವನ್ನು ಹಿಂದಿನ ಸಂಜೆಯೇ ಹೇಳಿಬರಲು ತೋಟದವರ ಮಗಳು ಒಪ್ಪಿದ್ದಾಳೆ. ಆ ಮದುವೆ ಕಾಗದ ಈಗಲೂ ಅಕ್ಕನ ಮನೆಯ ಕ್ಯಾಲೆಂಡರಿನ ಹಿಂದೆ ಇದೆ.